ಮೂಡಿಗೆರೆಯ ಮಳೆಗೂ ಹಾಸನದ ಬಸ್ಸಿಗೂ ಒಗ್ಗುವ, ಹನ್ನೆರಡು ಸಾವಿರದೊಳಗಿನ ಗಿಟಾರ್ ಯಾವುದು?

ಪ್ರಶ್ನೆ: ಮೂಡಿಗೆರೆ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ವಾರದ ದಿನಗಳಲ್ಲಿ ಹಾಸನದ ಬಾಡಿಗೆ ಮನೆಯಲ್ಲಿರುತ್ತೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಬೇಲೂರಿನ ಮಾರ್ಗವಾಗಿ ಮೂಡಿಗೆರೆಯ ಆಚೆಗಿರುವ ನಮ್ಮ ಮನೆಗೆ ಸರ್ಕಾರಿ ಬಸ್ಸಿನಲ್ಲಿ ಹೋಗಿ, ಸೋಮವಾರ ಬೆಳಗಿನ ಬಸ್ಸಿಗೆ ಹಿಂದಿರುಗುತ್ತೇನೆ. ಮನೆಯಲ್ಲಿ ಅಣ್ಣನ 41 ಇಂಚಿನ ಗಿಟಾರ್ ಇದೆ. ಅದರಲ್ಲಿಯೇ ಕಲಿತಿದ್ದರಿಂದ ಕಾರ್ಡ್‌ಗಳೂ ಸರಳ ಸ್ಟ್ರಮ್ಮಿಂಗೂ ಕೈಗೆ ಬಂದಿವೆ, ಭಾವಗೀತೆಗಳಿಗೆ ಜೊತೆಯಾಗಿ ನುಡಿಸಬಲ್ಲೆ. ಆದರೆ ಶನಿವಾರದ ಬಸ್ಸಿನಲ್ಲಿ ನಿಲ್ಲುವುದಕ್ಕೇ ಜಾಗ ಸಿಗದಿರುವಾಗ ಅಷ್ಟು ದೊಡ್ಡ ವಾದ್ಯವನ್ನು ಹೊತ್ತೊಯ್ಯುವುದು ಆಗದ ಮಾತು.

ಆದ್ದರಿಂದ ಹೋದಲ್ಲೆಲ್ಲ ಒಯ್ಯಬಹುದಾದ ಚಿಕ್ಕ ಗಿಟಾರ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಸಂಜೆ ಮನೆಯಲ್ಲಿ ಅಭ್ಯಾಸ ಮಾಡುವುದಕ್ಕೂ, ತರಗತಿಯಲ್ಲಿ ಮಕ್ಕಳು ಪದ್ಯ ಹಾಡುವಾಗ ಜೊತೆಗೆ ನುಡಿಸುವುದಕ್ಕೂ ಅದೇ ಆಗಬೇಕು. ಹತ್ತು ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ತಕ್ಕ ಕಾರಣವಿದ್ದರೆ ಹನ್ನೆರಡರವರೆಗೆ ಹೋಗಬಹುದು. ಅಂತರ್ಜಾಲದಲ್ಲಿ ಎರಡು ಮೂರು ಸಾವಿರಕ್ಕೇ 38 ಇಂಚಿನ ಗಿಟಾರ್‌ಗಳು ಚೀಲ, ಹೆಚ್ಚುವರಿ ತಂತಿಗಳ ಸಮೇತ ಕಾಣಿಸುತ್ತವೆ. ಅವುಗಳಿಗೂ ಹತ್ತು ಸಾವಿರದವುಗಳಿಗೂ ನಿಜವಾಗಿ ಇರುವ ವ್ಯತ್ಯಾಸವೇನು? ಮುಂಭಾಗ ಇಡೀ ಹಲಗೆಯದಾಗಿರಬೇಕೆಂದು ಕೆಲವರೂ, ನಮ್ಮ ಕಡೆಯ ಮಳೆಗಾಲಕ್ಕೆ ಪ್ಲೈವುಡ್ಡೇ ಮೇಲೆಂದು ಕೆಲವರೂ ಹೇಳುತ್ತಾರೆ. ಬೇಸಿಗೆ ರಜೆಯಲ್ಲಿ ಬೆಂಗಳೂರಿನಿಂದ ದೆಹಲಿಗೆ ವಿಮಾನದಲ್ಲಿ ಹೋಗುವುದೂ ಉಂಟು. ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಹಾಸನದ ತಂತಿ

ನಮಸ್ಕಾರ ಮೇಡಂ. ಹಾಸನದಲ್ಲಿಯೇ ಗಿಟಾರ್ ಕಲಿಸುತ್ತೇನೆ, ಮತ್ತು ಇದೇ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳ ತಂದೆತಾಯಿಯರು ಆಗಾಗ ಕೇಳುತ್ತಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಜಾಹೀರಾತುಗಳಲ್ಲಿ ಕಾಣುವ 36, 38, 41 ಇಂಚು ಎಂಬುದು ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ಚೀಲ ಕೊಳ್ಳುವಾಗ ಅದು ಬೇಕಾಗುತ್ತದೆ, ನುಡಿಸುವವರಿಗೆ ಮುಖ್ಯವಾದದ್ದು ಸ್ಕೇಲ್ ಉದ್ದ, ಅಂದರೆ ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯಾದ ನಟ್‌ನಿಂದ, ಒಡಲಿಗೆ ಅಂಟಿಸಿದ ಬ್ರಿಡ್ಜಿನ ಮೇಲಿರುವ ಸಣ್ಣ ಪಟ್ಟಿಯಾದ ಸ್ಯಾಡಲ್‌ವರೆಗೆ ತಂತಿ ಮಿಡಿಯುವ ಭಾಗದ ಉದ್ದ. ನಿಮ್ಮ ಅಣ್ಣನ ಗಿಟಾರಿನಂಥ ದೊಡ್ಡ ವಾದ್ಯಗಳಲ್ಲಿ ಇದು ಸುಮಾರು 648 ಮಿಲಿಮೀಟರ್ ಇರುತ್ತದೆ. ಪ್ರವಾಸದ ಗಿಟಾರ್‌ಗಳಲ್ಲಿ ಹೆಸರಾದ ಬೇಬಿ ಟೇಲರ್‌ನಲ್ಲಿ ಇದು 22¾ ಇಂಚು, ಲಿಟಲ್ ಮಾರ್ಟಿನ್‌ನಲ್ಲಿ 23 ಇಂಚು, ಅಂದರೆ 580 ಮಿಲಿಮೀಟರ್‌ನ ಆಸುಪಾಸು. ಇವೆರಡೂ ನಿಮ್ಮ ಮೊತ್ತಕ್ಕೆ ನಿಲುಕುವುದಿಲ್ಲ, ಆದರೆ ಅನುಭವಿ ತಯಾರಕರು ಎಷ್ಟರವರೆಗೆ ಕುಗ್ಗಿಸಲು ಒಪ್ಪಿದ್ದಾರೆ ಎಂಬುದಕ್ಕೆ ಒಳ್ಳೆಯ ಅಳತೆಗೋಲು. ಯಮಾಹಾದ ಜೆಆರ್1 ಮತ್ತು ಜೆಆರ್2 ಇನ್ನೂ ಚಿಕ್ಕವು, 540 ಮಿಲಿಮೀಟರ್. ಫೆಂಡರ್ ಎಫ್‌ಎ-15 ಸುಮಾರು 592 ಮಿಲಿಮೀಟರ್.

ನೀವು ದೊಡ್ಡ ಗಿಟಾರಿನಲ್ಲಿ ಕಲಿತವರಾದ್ದರಿಂದ ಮತ್ತು ಶನಿವಾರ ಭಾನುವಾರ ಮತ್ತೆ ಅದೇ ಗಿಟಾರನ್ನು ಹಿಡಿಯುವವರಾದ್ದರಿಂದ, 580ಕ್ಕಿಂತ ಕೆಳಗೆ ಇಳಿಯಬೇಡಿ ಎನ್ನುವುದು ನನ್ನ ಸಲಹೆ. 540ರಲ್ಲಿ ಫ್ರೆಟ್‌ಗಳು, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳು, ಒತ್ತೊತ್ತಾಗಿದ್ದು, ಎ ಮೇಜರ್ ಕಾರ್ಡಿಗೆ ಒಂದೇ ಫ್ರೆಟ್ಟಿನೊಳಗೆ ಮೂರು ಬೆರಳು ಕೂರಿಸುವಾಗ ದೊಡ್ಡವರ ಕೈಗೆ ಇಕ್ಕಟ್ಟಾಗುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೆ ಅದೇ ಅಳತೆ ಹೇಳಿ ಮಾಡಿಸಿದಂತಿರುತ್ತದೆ.

ಇನ್ನೊಂದು ದಾರಿಯನ್ನೂ ಯೋಚಿಸಿ. ಸ್ಕೇಲನ್ನು ಹೆಚ್ಚು ಕುಗ್ಗಿಸದೆ ಒಡಲನ್ನು ಮಾತ್ರ ಚಿಕ್ಕದು ಮಾಡಿರುವ ಗಿಟಾರ್‌ಗಳಿವೆ. ಯಮಾಹಾದ ಎಫ್‌ಎಸ್ ಸಾಲಿನ ಎಫ್‌ಎಸ್80ಸಿ ಅಂಥದ್ದು. ಸ್ಕೇಲ್ 634 ಮಿಲಿಮೀಟರ್, ನಮ್ಮಲ್ಲಿ ಹಲವರು ಮೊದಲ ಗಿಟಾರಾಗಿ ಕೊಳ್ಳುವ ಎಫ್310ರಷ್ಟೇ. ಆದರೆ ಸೊಂಟ ಸಣ್ಣದು, ಒಡಲಿನ ಆಳ ಕಡಿಮೆ, ತೊಡೆಯ ಮೇಲಿಟ್ಟರೆ ಭುಜ ಎತ್ತಬೇಕಾಗುವುದಿಲ್ಲ. ಬೆಲೆ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದಾದರೂ ಇದು ಹತ್ತು ಸಾವಿರದ ಅಕ್ಕಪಕ್ಕದಲ್ಲಿ ಸಿಗುವ ವಾದ್ಯ. ಉದ್ದದಲ್ಲಿ ಹೆಚ್ಚೇನೂ ಉಳಿತಾಯವಿಲ್ಲ ಎಂಬುದು ನಿಜ, ಆದರೆ ತರಗತಿಯಲ್ಲಿ ನಲವತ್ತು ಮಕ್ಕಳ ದನಿಯ ನಡುವೆ ಕೇಳಿಸುವಂಥ ನಾದ ಮುಕ್ಕಾಲು ಅಳತೆಯ, ಅಂದರೆ ಮೇಲೆ ಹೇಳಿದ ಚಿಕ್ಕ ಸ್ಕೇಲಿನ, ಗಿಟಾರಿಗಿಂತ ಇದರಲ್ಲಿ ಹೆಚ್ಚು.

ಎರಡು ಮೂರು ಸಾವಿರದ ಗಿಟಾರ್‌ಗಳ ವಿಷಯದಲ್ಲಿ ನಾನು ಹಣ ಉಳಿಸಿ ಎಂದು ಹೇಳಲಾರೆ. ಅಲ್ಲಿ ಕೊರತೆಯಾಗುವುದು ಮರದ ಜಾತಿಯಲ್ಲಲ್ಲ, ಕೆಲಸದ ಅಚ್ಚುಕಟ್ಟುತನದಲ್ಲಿ. ನಟ್‌ನಲ್ಲಿ ತಂತಿ ಕೂರುವ ತೋಡುಗಳನ್ನು ಸಾಕಷ್ಟು ಆಳ ಕೊರೆದಿರುವುದಿಲ್ಲ. ಅದರಿಂದ ಮೊದಲ ಫ್ರೆಟ್ಟಿನಲ್ಲಿ ಎಫ್ ಕಾರ್ಡ್ ಹಿಡಿಯುವಾಗ ಬೆರಳು ನೋಯುತ್ತದೆ, ಜೊತೆಗೆ ಸ್ವರವೂ ಏರಿಬಿಡುತ್ತದೆ. ಟ್ಯೂನಿಂಗ್ ಕೀಲಿಗಳು ಸಡಿಲವಾಗಿದ್ದು ಒಂದು ಹಾಡು ಮುಗಿಯುವುದರೊಳಗೆ ಶ್ರುತಿ ಜಾರುತ್ತದೆ. ಕೆಲವಕ್ಕೆ ಕತ್ತಿನ ಬಾಗನ್ನು ಸರಿಪಡಿಸುವ, ಹೊಂದಿಸಬಹುದಾದ ಲೋಹದ ಸರಳು, ಅಂದರೆ ಟ್ರಸ್ ರಾಡ್, ಒಳಗೆ ಇರುವುದೇ ಇಲ್ಲ, ಮತ್ತು ಉಕ್ಕಿನ ತಂತಿಗಳ ಎಳೆತಕ್ಕೆ ಕತ್ತು ಬಾಗಿದ ಮೇಲೆ ಅಂಥ ಗಿಟಾರನ್ನು ನೆಟ್ಟಗೆ ಮಾಡುವ ಸುಲಭ ಮಾರ್ಗವಿಲ್ಲ.

ಉತ್ತರ: ಚಿಕ್ಕಮಗಳೂರು ವಾದ್ಯ ದುರಸ್ತಿ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಮಳೆಗಾಲದ ಮಾತಿಗೆ ಮಾತ್ರ ನಾನು ಸೇರಿಸಬೇಕಾದದ್ದು ಬಹಳವಿದೆ, ಏಕೆಂದರೆ ನನ್ನ ಬಳಿಗೆ ಬರುವ ಗಿಟಾರ್‌ಗಳಲ್ಲಿ ಬಿದ್ದು ಒಡೆದವುಗಳಿಗಿಂತ ತೇವದಿಂದ ಕೆಟ್ಟವುಗಳೇ ಹೆಚ್ಚು.

ಗಿಟಾರಿಗೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇಕಡಾ 45ರಿಂದ 55. ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು 90ನ್ನು ದಾಟುವುದು ಸಾಮಾನ್ಯ ಸಂಗತಿ. ಹಾಸನದ ಮಾರ್ಚ್ ಮಧ್ಯಾಹ್ನಗಳಲ್ಲಿ 30ಕ್ಕೂ ಕೆಳಗೆ ಇಳಿಯಬಹುದು. ಮರ ತನ್ನ ಎಳೆಗಳ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಹಿಗ್ಗುವುದು ಹೆಚ್ಚು. ಮಳೆಗಾಲದಲ್ಲಿ ಮನೆಯ ಬಾಗಿಲು ಚೌಕಟ್ಟಿಗೆ ಬಿಗಿದುಕೊಳ್ಳುವಂತೆಯೇ ಗಿಟಾರಿನ ಮುಂಭಾಗದ ಹಲಗೆಯೂ ಹಿಗ್ಗುತ್ತದೆ, ಆದರೆ ಅದರ ಅಂಚುಗಳನ್ನು ಪಕ್ಕದ ಪಟ್ಟಿಗಳಿಗೆ ಅಂಟಿಸಿರುವುದರಿಂದ ಅಗಲಕ್ಕೆ ಹರಡಲು ದಾರಿಯಿಲ್ಲದೆ ಮೇಲಕ್ಕೆ ಉಬ್ಬುತ್ತದೆ. ಆಗ ಬ್ರಿಡ್ಜ್ ಏರುತ್ತದೆ, ಬ್ರಿಡ್ಜಿನ ಜೊತೆ ತಂತಿಗಳೂ ಏರುತ್ತವೆ, ಮತ್ತು ಏಪ್ರಿಲ್‌ನಲ್ಲಿ ಹಗುರವಾಗಿ ನುಡಿಯುತ್ತಿದ್ದ ಗಿಟಾರ್ ಜುಲೈನಲ್ಲಿ ಒತ್ತಲಾಗದಷ್ಟು ಗಟ್ಟಿಯಾಯಿತೆಂದು ಜನ ದೂರುತ್ತಾರೆ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ: ಹಲಗೆ ಕುಗ್ಗಿ ತಂತಿಗಳು ಫ್ರೆಟ್ಟಿಗೆ ತಾಗಿ ಗರಗರ ಎನ್ನುತ್ತವೆ, ಬೆರಳುಪಟ್ಟಿಯ ಅಂಚಿನಲ್ಲಿ ಫ್ರೆಟ್‌ಗಳ ತುದಿ ಹೊರಚಾಚಿ ಕೈಗೆ ಗೀರುತ್ತವೆ, ಇಡೀ ಹಲಗೆಯದಾದರೆ ಎಳೆಯ ಗುಂಟ ಬಿರುಕು ಬಿಡುವುದೂ ಉಂಟು.

ಪ್ಲೈವುಡ್ ಮುಂಭಾಗದಲ್ಲಿ ನಡುವಿನ ಪದರದ ಎಳೆಗಳು ಮೇಲಿನ ಮತ್ತು ಕೆಳಗಿನ ಪದರಗಳಿಗೆ ಅಡ್ಡವಾಗಿರುವುದರಿಂದ ಒಂದರ ಹಿಗ್ಗುವಿಕೆಯನ್ನು ಇನ್ನೊಂದು ತಡೆಯುತ್ತದೆ. ಇಡೀ ಸ್ಪ್ರೂಸ್ ಹಲಗೆಯ ನಾದ ಹೆಚ್ಚು ತುಂಬಿದ್ದು, ವರ್ಷ ಕಳೆದಂತೆ ತೆರೆದುಕೊಳ್ಳುತ್ತದೆ ಎಂದು ಹಲವರು ಹೇಳುತ್ತಾರೆ; ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇರುವ ವಾದ್ಯಕ್ಕೆ ನಾನೂ ಅದನ್ನೇ ಆರಿಸುತ್ತೇನೆ. ವಾರವಾರವೂ ಎರಡು ಬೇರೆ ಹವೆಗಳ ನಡುವೆ ಓಡಾಡುವ ಗಿಟಾರಿಗೆ ಪ್ಲೈವುಡ್ಡೇ ಸರಿ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಲಿಟಲ್ ಮಾರ್ಟಿನ್‌ನ ಎಲ್‌ಎಕ್ಸ್1ರ ಪಕ್ಕ ಮತ್ತು ಬೆನ್ನನ್ನು ಕಾಗದ ಮತ್ತು ರಾಳವನ್ನು ಒತ್ತಿ ಮಾಡಿದ ಹಲಗೆಯಿಂದ ರೂಪಿಸಿರುವುದಕ್ಕೂ ಈ ಸ್ಥಿರತೆಯೇ ಒಂದು ಕಾರಣ. ಕಾರ್ಬನ್ ಫೈಬರ್ ಗಿಟಾರ್‌ಗಳಿಗೆ ಮಳೆಯ ಭಯವೇ ಇಲ್ಲ, ಆದರೆ ಅವು ನಿಮ್ಮ ಮೊತ್ತಕ್ಕೆ ದೂರ.

ಬೆರಳುಪಟ್ಟಿ ಬೀಟೆಯದಾಗಿದ್ದರೆ ಒಳ್ಳೆಯದು. ಅದು ಗಟ್ಟಿ, ಎಣ್ಣೆಯ ಅಂಶವಿರುವ ಮರ. ನಮ್ಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಈ ಮರಕ್ಕೆ ಗಿಟಾರ್ ಲೋಕದಲ್ಲಿ ಎಷ್ಟು ಮರ್ಯಾದೆಯಿದೆಯೆಂದರೆ, ಮಾರ್ಟಿನ್ ಕಂಪನಿ ತನ್ನ ಪ್ರಸಿದ್ಧ ಡಿ-28 ಗಿಟಾರಿನ ಬೆನ್ನು ಮತ್ತು ಪಕ್ಕಗಳಿಗೆ 1969ರಲ್ಲಿ ಬ್ರೆಜಿಲಿನ ಮರವನ್ನು ಬಿಟ್ಟು ಭಾರತದ ಬೀಟೆಗೆ ಬಂದಿತು. ಇಷ್ಟು ಹೇಳಿದ್ದು ಅಭಿಮಾನದಿಂದ. ನಿಮ್ಮ ಆಯ್ಕೆ ಇದರ ಮೇಲೆ ನಿಲ್ಲಬೇಕಾಗಿಲ್ಲ.

ಇಡುವ ಕ್ರಮದ ಬಗ್ಗೆ ಹೇಳುವುದಾದರೆ, ಮೂಡಿಗೆರೆಯ ಮನೆಯಲ್ಲಿ ಮಳೆಗೆ ಮೈಯೊಡ್ಡಿದ ಹೊರಗೋಡೆಗೆ ಗಿಟಾರನ್ನು ನೇತುಹಾಕಬೇಡಿ, ಹಾಗೆಂದು ಒಲೆಯ ಬಿಸಿ ತಾಗುವಲ್ಲಿಯೂ ಇಡಬೇಡಿ. ಜಿಪ್ ಪೂರ್ತಿ ಮುಚ್ಚುವ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ. ಕಿತ್ತಳೆ ಬಣ್ಣದ ಹರಳುಗಳು ಹಸಿರಿಗೆ ತಿರುಗಿದರೆ ನೀರು ಹೀರಿ ತುಂಬಿವೆ ಎಂದರ್ಥ, ಮಂದ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಬಳಸಬಹುದು, ಆದರೆ ಅಡುಗೆಯ ಪಾತ್ರೆಯಲ್ಲಿ ಬೇಡ. ಜನವರಿಯ ಹೊತ್ತಿಗೆ ಅವನ್ನು ತೆಗೆದಿಡಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತಾ ಮಾಪಕವೊಂದನ್ನು ಚೀಲದಲ್ಲಿಟ್ಟರೆ ಊಹೆಗೆ ಕೆಲಸವಿರುವುದಿಲ್ಲ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಹತ್ತಿಬಟ್ಟೆಯಿಂದ ಒರೆಸಿ. ಮಲೆನಾಡಿನ ಮಳೆಗಾಲದಲ್ಲಿ ಬೆವರಿನ ಕೈ ತಾಗಿದ ಉಕ್ಕಿನ ತಂತಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಾಗಿಲ್ಲ. ಲೇಪನವಿರುವ ತಂತಿಗಳು ದುಬಾರಿಯಾದರೂ ನಿಮ್ಮಂಥವರಿಗೆ ಹಣಕ್ಕೆ ತಕ್ಕ ಬಾಳಿಕೆ ಕೊಡುತ್ತವೆ.

ಉತ್ತರ: ಸಕಲೇಶಪುರದ ಹಾಡು

ಒಯ್ಯುವ ಅನುಕೂಲವೇ ಮೊದಲ ಅಗತ್ಯವಾದರೆ ಗಿಟಾಲೆಲೆಯನ್ನು, ಅಂದರೆ ಯುಕುಲೆಲೆಯಂತೆ ಪುಟ್ಟದಾದ ಆರು ತಂತಿಯ ಗಿಟಾರನ್ನು, ಏಕೆ ಯಾರೂ ಹೇಳಲಿಲ್ಲ? ಯಮಾಹಾದ ಜಿಎಲ್1ರ ಒಟ್ಟು ಉದ್ದ ಸುಮಾರು 70 ಸೆಂಟಿಮೀಟರ್, ಸ್ಕೇಲ್ 433 ಮಿಲಿಮೀಟರ್, ತಂತಿಗಳು ನೈಲಾನಿನವು. ಆರು ತಂತಿಗಳೂ ಗಿಟಾರಿನ ಕ್ರಮದಲ್ಲಿಯೇ ಇರುತ್ತವೆ, ಆದರೆ ಐದನೆಯ ಫ್ರೆಟ್ಟಿಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು) ಹಾಕಿದ ಗಿಟಾರಿನಂತೆ ನುಡಿಯುತ್ತವೆ: ಕೈ ಜಿ ಕಾರ್ಡಿನ ಆಕಾರ ಹಿಡಿದರೆ ಕಿವಿಗೆ ಸಿ ಕೇಳಿಸುತ್ತದೆ. ಮಕ್ಕಳ ಮತ್ತು ಹೆಣ್ಣುಮಕ್ಕಳ ಕಂಠಕ್ಕೆ ಈ ಎತ್ತರದ ಶ್ರುತಿ ಅನೇಕ ಹಾಡುಗಳಲ್ಲಿ ಸಹಜವಾಗಿಯೇ ಕೂಡಿಬರುತ್ತದೆ. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಳ್ಳಬಹುದು, ತಂತಿಗೆ ತುಕ್ಕಿನ ಚಿಂತೆಯಿಲ್ಲ. ಮಂದ್ರದ ಗಾಂಭೀರ್ಯ ಮಾತ್ರ ಇದರಿಂದ ನಿರೀಕ್ಷಿಸುವಂತಿಲ್ಲ.

ಪ್ರಶ್ನೆ ಕೇಳಿದವರು: ಮೂಡಿಗೆರೆ ಶಿಕ್ಷಕಿ

ಇಷ್ಟು ಕಾಳಜಿಯಿಂದ ಬರೆದ ಮೂವರಿಗೂ ಕೃತಜ್ಞತೆಗಳು. ಗಿಟಾಲೆಲೆಯ ಸಲಹೆ ಇಷ್ಟವಾಯಿತು, ಆದರೆ ನಾನು ಹಾಡುವ ಹಲವು ಭಾವಗೀತೆಗಳಿಗೆ ಕೆಳಗಿನ ತಂತಿಗಳ ಆಧಾರ ಬೇಕೇ ಬೇಕು. ಆದ್ದರಿಂದ ಅದನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಈಗ ಮನಸ್ಸಿನಲ್ಲಿ ಉಳಿದಿರುವುದು 590 ಮಿಲಿಮೀಟರ್ ಆಸುಪಾಸಿನ ಮುಕ್ಕಾಲು ಗಿಟಾರ್ ಮತ್ತು ಚಿಕ್ಕ ಒಡಲಿನ 634ರ ಗಿಟಾರ್. ಗೆಳತಿಯೊಬ್ಬಳ ಮುಕ್ಕಾಲು ಗಿಟಾರನ್ನು ನುಡಿಸಿ ನೋಡಿದಾಗ ತಂತಿಗಳು ಸಡಿಲವೆನಿಸಿ, ಜೋರಾಗಿ ಮೀಟಿದರೆ ಸ್ವರ ಅಲುಗುತ್ತಿತ್ತು. ಅದು ಆ ಗಿಟಾರಿನ ದೋಷವೋ, ಚಿಕ್ಕ ಸ್ಕೇಲಿನ ಸ್ವಭಾವವೋ? ಅಂಗಡಿಗೆ ಹೋದಾಗ ನಾನೇ ಏನೇನು ಪರೀಕ್ಷಿಸಬಹುದು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಾಸನದ ತಂತಿ

ಅದು ಚಿಕ್ಕ ಸ್ಕೇಲಿನ ಸ್ವಭಾವ, ಮತ್ತು ಅದಕ್ಕೆ ಪರಿಹಾರವಿದೆ. ಒಂದೇ ದಪ್ಪದ ತಂತಿಯನ್ನು ಒಂದೇ ಶ್ರುತಿಗೆ ತರುವಾಗ ಬೇಕಾಗುವ ಎಳೆತ, ಸ್ಕೇಲ್ ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 648ಕ್ಕೆ ಹೋಲಿಸಿದರೆ 592ರಲ್ಲಿ ಎಳೆತ ಸುಮಾರು ಶೇಕಡಾ 16ರಷ್ಟೂ, 540ರಲ್ಲಿ ಸುಮಾರು ಶೇಕಡಾ 30ರಷ್ಟೂ ಕಡಿಮೆಯಾಗುತ್ತದೆ. 634ರಲ್ಲಿ ಕಡಿಮೆಯಾಗುವುದು ಶೇಕಡಾ 4ರಷ್ಟು ಮಾತ್ರ, ಅದು ಕೈಗೆ ತಿಳಿಯುವುದೇ ಇಲ್ಲ. ಹೊಸ ಗಿಟಾರ್‌ಗಳಿಗೆ ತೆಳುವಾದ 10ರ ತಂತಿಗಳನ್ನು ಹಾಕಿರುವುದೂ ಉಂಟು, ಅಂದರೆ ಅತಿ ಸಣ್ಣ ತಂತಿ 0.010 ಇಂಚಿನದು. ಮುಕ್ಕಾಲು ಗಿಟಾರಿಗೆ ಅದರ ಬದಲು 12ರ ಸೆಟ್ ಹಾಕಿಸಿದರೆ ಸಡಿಲತೆ ಬಹುಪಾಲು ಹೋಗುತ್ತದೆ, ಕೆಳಗಿನ ತಂತಿಗಳ ನಾದಕ್ಕೂ ಮೈ ಬರುತ್ತದೆ. ಹಾಗೆ ಮಾಡುವ ಮುನ್ನ ಆ ಮಾದರಿಗೆ ತಯಾರಕರು ಯಾವ ದಪ್ಪವನ್ನು ಒಪ್ಪಿದ್ದಾರೆಂದು ನೋಡಿಕೊಳ್ಳಿ.

ಅಂಗಡಿಯಲ್ಲಿ ಮೊದಲು ಶ್ರುತಿ ಮಾಡಿಸಿ, ಆಮೇಲೆಯೇ ಉಳಿದದ್ದನ್ನು ನೋಡಿ. ಆರನೆಯ ತಂತಿಯನ್ನು ಒಂದನೆಯ ಫ್ರೆಟ್ಟಿನಲ್ಲಿಯೂ ಹದಿನಾಲ್ಕನೆಯ ಫ್ರೆಟ್ಟಿನಲ್ಲಿಯೂ ಒಟ್ಟಿಗೆ ಒತ್ತಿಹಿಡಿದರೆ ಏಳನೆಯ ಫ್ರೆಟ್ಟಿನ ಮೇಲೆ ದಪ್ಪ ಕಾಗದ ತೂರುವಷ್ಟು ಸಂದು ಕಾಣಬೇಕು. ಸಂದೇ ಇಲ್ಲದಿದ್ದರೆ ಕತ್ತು ಹಿಂದಕ್ಕೆ ಬಾಗಿದೆ, ಬೆರಳು ತೂರುವಂತಿದ್ದರೆ ಮುಂದಕ್ಕೆ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರ ದಪ್ಪ ತಂತಿಗೆ ಸುಮಾರು 2.5 ಮಿಲಿಮೀಟರ್, ಸಣ್ಣ ತಂತಿಗೆ ಸುಮಾರು 2 ಮಿಲಿಮೀಟರ್ ಇದ್ದರೆ ಕೈಗೆ ಸುಖ. ಚಿಕ್ಕ ಅಳತೆಪಟ್ಟಿಯೊಂದನ್ನು ಜೊತೆಗೆ ಒಯ್ಯಿರಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅದೇ ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಹಗುರವಾಗಿ ಮುಟ್ಟಿ ಹಾರ್ಮೋನಿಕ್ ಮೀಟಿ, ಬಳಿಕ ಒತ್ತಿ ಮೀಟಿ, ಎರಡನ್ನೂ ಫೋನಿನ ಟ್ಯೂನರ್‌ನಲ್ಲಿ ಹೋಲಿಸಿ. ಎರಡೂ ಒಂದೇ ಆಗಿರಬೇಕು. ಒತ್ತಿದ ಸ್ವರ ಕಣ್ಣಿಗೆ ಕಾಣುವಷ್ಟು ಏರಿದ್ದರೆ ಆ ಗಿಟಾರ್ ಮೇಲಿನ ಫ್ರೆಟ್‌ಗಳಲ್ಲಿ ನಿಮ್ಮ ಕಂಠದ ಜೊತೆ ಜಗಳವಾಡುತ್ತದೆ. ಕೊನೆಗೆ, ನಾದರಂಧ್ರದೊಳಗೆ ಫೋನಿನ ಬೆಳಕು ಬಿಟ್ಟು ಒಳಗಿನ ಪಟ್ಟಿಗಳ ಅಂಟು ಬಿಟ್ಟಿದೆಯೇ ಎಂದೂ, ಟ್ರಸ್ ರಾಡ್ ತಿರುಗಿಸುವ ತುದಿ ಅಲ್ಲಿ ಅಥವಾ ತಲೆಯ ಬುಡದಲ್ಲಿ ಇದೆಯೇ ಎಂದೂ ನೋಡಿ.

ಇದನ್ನೆಲ್ಲ ಮಾಡಲು ವಾದ್ಯ ಕೈಯಲ್ಲಿರಬೇಕು. ಆದ್ದರಿಂದ ಬೆಂಗಳೂರಿಗೆ ಹೋಗುವ ಸಂದರ್ಭವಿದ್ದರೆ ಅಲ್ಲಿಯ ದೊಡ್ಡ ವಾದ್ಯದ ಅಂಗಡಿಯಲ್ಲಿ ಒಂದೇ ಮಾದರಿಯ ಎರಡು ಮೂರು ಗಿಟಾರ್‌ಗಳನ್ನು ತೆಗೆಸಿ ನುಡಿಸಿ. ಈ ಬೆಲೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುತ್ತದೆ. ಹಣವನ್ನೆಲ್ಲ ಗಿಟಾರಿಗೇ ಸುರಿಯದೆ ಎರಡು ಸಾವಿರವನ್ನು ಚೀಲಕ್ಕೂ ಸೆಟಪ್‌ಗೂ, ಅಂದರೆ ಕತ್ತು ಮತ್ತು ತಂತಿಯ ಎತ್ತರವನ್ನು ಸರಿಹೊಂದಿಸುವ ಕೆಲಸಕ್ಕೂ, ಉಳಿಸಿಕೊಳ್ಳಿ. ಉಚಿತವಾಗಿ ಬರುವ ತೆಳು ಚೀಲ ಧೂಳಿನಿಂದ ಮಾತ್ರ ಕಾಪಾಡುತ್ತದೆ.

ಉತ್ತರ: ಬೇಲೂರು ದಾರಿ

ನಾನೂ ಅದೇ ಮಾರ್ಗದಲ್ಲಿ ಗಿಟಾರ್ ಹೊತ್ತು ಓಡಾಡುವವನು, ಹಾಗಾಗಿ ಪ್ರಯಾಣದ ಬಗ್ಗೆ ಮಾತ್ರ ಬರೆಯುತ್ತೇನೆ. ಬಸ್ಸಿನಲ್ಲಿ ಗಿಟಾರನ್ನು ಹಿಂದಿನ ಡಿಕ್ಕಿಗೆ ಕೊಡಬೇಡಿ, ಮೇಲಿನ ಕಂಬಿಯ ಅಟ್ಟದಲ್ಲಿಯೂ ಬೇಡ. ತಿರುವುಗಳಲ್ಲಿ ಜಾರಿ ಬಿದ್ದರೆ ಮೊದಲು ಮುರಿಯುವುದು ನಟ್‌ನ ಹಿಂದೆ ಕತ್ತು ತಲೆಗೆ ಸೇರುವ ತೆಳುವಾದ ಜಾಗ. ಆಸನ ಸಿಕ್ಕಾಗ ಕಾಲುಗಳ ನಡುವೆ ಬುಡ ಕೆಳಗಾಗಿ ನಿಲ್ಲಿಸಿಕೊಳ್ಳುವುದೇ ಸರಿಯಾದ ಕ್ರಮ, ಮತ್ತು ಇಲ್ಲಿ ಮುಕ್ಕಾಲು ಗಿಟಾರ್ ಎದುರಿನ ಆಸನಕ್ಕೂ ಪಕ್ಕದವರಿಗೂ ತಾಗದೆ ನಿಲ್ಲುತ್ತದೆ. ನಿಂತೇ ಹೋಗಬೇಕಾದರೆ ಚೀಲವನ್ನು ಎದೆಯ ಕಡೆಗೆ ತಿರುಗಿಸಿ ಹಾಕಿಕೊಳ್ಳಿ. ಚೀಲದ ಸ್ಪಂಜು ಎರಡು ಸೆಂಟಿಮೀಟರ್ ದಪ್ಪವಿದ್ದು, ಕತ್ತಿನ ಕೆಳಗೆ ಗಟ್ಟಿಯಾದ ಒತ್ತು ಇರಲಿ. ಮೇಲೆ ಹಾಕುವ ಮಳೆಯ ಹೊದಿಕೆಯನ್ನು ಮರೆಯಬೇಡಿ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಗಿಟಾರನ್ನು ಯಾವ ಕಾರಣಕ್ಕೂ ಬಿಡಬಾರದು, ಅಂಟು ಮೆತ್ತಗಾಗಿ ಬ್ರಿಡ್ಜ್ ಕಿತ್ತುಬರುತ್ತದೆ.

ವಿಮಾನದ ವಿಷಯದಲ್ಲಿ ಯಾವ ಗಿಟಾರೂ ನಿಯಮದ ಅಕ್ಷರಕ್ಕೆ ಹೊಂದುವುದಿಲ್ಲ. ದೇಶದೊಳಗಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ತೂಕ ಮತ್ತು 55, 35, 25 ಸೆಂಟಿಮೀಟರ್ ಅಳತೆಯ ಮಿತಿಯಿದೆ. ಮುಕ್ಕಾಲು ಗಿಟಾರಿನ ಉದ್ದವೇ 85 ಸೆಂಟಿಮೀಟರಿಗೆ ಹತ್ತಿರ ಅಥವಾ ಅದಕ್ಕಿಂತ ಹೆಚ್ಚು. ಒಳಗೆ ಬಿಡುವುದು ಸಿಬ್ಬಂದಿಯ ವಿವೇಚನೆಗೆ ಸೇರಿದ್ದರಿಂದ ಟಿಕೆಟ್ ಮಾಡಿಸುವಾಗಲೇ ಆ ಸಂಸ್ಥೆಯ ವಾದ್ಯಗಳ ನಿಯಮವನ್ನು ಓದಿ, ಬೇಗ ಹೋಗಿ ವಿಚಾರಿಸಿ. ಕೆಳಗಿನ ಸರಕಿಗೇ ಹಾಕಬೇಕಾಗಿ ಬಂದರೆ ತಂತಿಗಳನ್ನು ಒಂದೆರಡು ಸ್ವರ ಇಳಿಸಿ, ತಲೆಯ ಸುತ್ತ ಬಟ್ಟೆ ತುಂಬಿ ಕೊಡಿ. ಬಿಗಿದ ತಂತಿಗಳಿರುವಾಗ ಪೆಟ್ಟು ಬಿದ್ದರೆ ತಲೆ ಮುರಿಯುವ ಸಂಭವ ಹೆಚ್ಚು. ವಾರದ ಬಸ್ ಪ್ರಯಾಣಕ್ಕೆ ಹಾಗೆ ಇಳಿಸುವ ಅಗತ್ಯವಿಲ್ಲ.

ನನ್ನ ಮತ ಮುಕ್ಕಾಲು ಗಿಟಾರಿನ ಕಡೆಗೆ. ದೊಡ್ಡದು ನಿಮ್ಮ ಮನೆಯಲ್ಲಿ ಆಗಲೇ ಇದೆ.

ಉತ್ತರ: ಚಿಕ್ಕಮಗಳೂರು ವಾದ್ಯ ದುರಸ್ತಿ

ಸೆಟಪ್ ವಿಷಯ ಬಂದದ್ದರಿಂದ ಒಂದು ಮಾತು. ಹನ್ನೆರಡನೆಯ ಫ್ರೆಟ್ ಸ್ಕೇಲಿನ ನಟ್ಟನಡುವೆ ಇರುವುದರಿಂದ, ಅಲ್ಲಿ ತಂತಿಯನ್ನು ಒಂದು ಮಿಲಿಮೀಟರ್ ಇಳಿಸಬೇಕಾದರೆ ಸ್ಯಾಡಲನ್ನು ಎರಡು ಮಿಲಿಮೀಟರ್ ಉಜ್ಜಬೇಕಾಗುತ್ತದೆ. ಕೊಳ್ಳುವಾಗಲೇ ಸ್ಯಾಡಲ್ ಬ್ರಿಡ್ಜಿನ ಮೇಲೆ ಕನಿಷ್ಠ ಮೂರು ಮಿಲಿಮೀಟರಾದರೂ ಎದ್ದು ಕಾಣುತ್ತಿದೆಯೇ ಎಂದು ನೋಡಿ. ಇಲ್ಲದಿದ್ದರೆ ಮುಂದೆ ಇಳಿಸಲು ಏನೂ ಉಳಿದಿರುವುದಿಲ್ಲ.

ಮತ್ತೆ, ಜುಲೈ ತಿಂಗಳಲ್ಲಿ ತಂತಿ ಎತ್ತರವಾಯಿತೆಂದು ಯಾರಾದರೂ ಅದೇ ಸ್ಯಾಡಲನ್ನು ಉಜ್ಜಿ ಕೊಡುತ್ತೇನೆಂದರೆ ಒಪ್ಪಬೇಡಿ. ಹಲಗೆ ಒಣಗಿ ಕುಗ್ಗಿದ ಫೆಬ್ರವರಿಯಲ್ಲಿ ಅದು ಎಲ್ಲ ಫ್ರೆಟ್‌ಗಳಲ್ಲೂ ಗರಗರ ಎನ್ನುತ್ತದೆ. ಕಂಪನಿಯಿಂದ ಬಂದ ಸ್ಯಾಡಲನ್ನು ಬೇಸಿಗೆಗೆ ಇಟ್ಟುಕೊಂಡು, ಅದಕ್ಕಿಂತ ತುಸು ಗಿಡ್ಡವಾದ ಇನ್ನೊಂದನ್ನು ಮಳೆಗಾಲಕ್ಕೆಂದು ಮಾಡಿಸಿಟ್ಟುಕೊಳ್ಳಿ. ಮೂಳೆಯ ಸ್ಯಾಡಲ್ ಆದರೂ ಖರ್ಚು ಹೆಚ್ಚಾಗುವುದಿಲ್ಲ. ಸ್ಯಾಡಲನ್ನು ಅಂಟಿಸದೆ ತೋಡಿನಲ್ಲಿ ಕೂರಿಸಿರುವ ಗಿಟಾರ್‌ಗಳಲ್ಲಿ ತಂತಿ ಸಡಿಲಿಸಿ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸುವುದನ್ನು ಒಮ್ಮೆ ನೋಡಿದರೆ ನೀವೇ ಮಾಡಿಕೊಳ್ಳಬಹುದು, ಜೂನ್ ಕೊನೆಗೆ ಒಮ್ಮೆ ಮತ್ತು ನವೆಂಬರ್‌ನಲ್ಲಿ ಒಮ್ಮೆ.